ಸೋಮವಾರದ ವಾಸನೆ

ಮಶೀನ್ ಶಾಪಿನಲ್ಲಿ ಕೆಲಸ ಮಾಡಿದವರಿಗೆ ಈ ವಾಸನೆ ಗೊತ್ತು. ಶನಿವಾರ ಸಂಜೆ ಮಶೀನ್ ಆಫ್ ಮಾಡಿ ಹೋಗಿರುತ್ತೇವೆ. ಸೋಮವಾರ ಬೆಳಿಗ್ಗೆ ಬಂದು ಕೂಲಂಟ್, ಅಂದರೆ ಲೋಹ ಕತ್ತರಿಸುವಾಗ ತಂಪಾಗಿಡಲು ಸುರಿಯುವ ದ್ರವದ ಪಂಪ್ ಆನ್ ಮಾಡಿದ ಕೂಡಲೇ ಕೊಳೆತ ಮೊಟ್ಟೆ ಒಡೆದ ಹಾಗೆ ಗಬ್ಬು. ಬಾಗಿಲು ತೆರೆದಿಟ್ಟರೆ ಸ್ವಲ್ಪ ಹೊತ್ತಿಗೆ ಕಡಿಮೆ ಆಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೂಗಿಗೂ ಅಭ್ಯಾಸವಾಗಿ ಮರೆತುಬಿಡುತ್ತೇವೆ. ಮುಂದಿನ ಸೋಮವಾರ ಮತ್ತೆ ಅದೇ ಕಥೆ.

ನಾನು ನೋಡಿಕೊಳ್ಳುವುದು ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ. ಎಲ್ಲವೂ ಕಂಪ್ಯೂಟರ್ ನಡೆಸುವ ಮಶೀನುಗಳು; ಲೇತಿನಲ್ಲಿ ಲೋಹದ ತುಂಡು ತಿರುಗುತ್ತದೆ, ವಿಎಂಸಿಯಲ್ಲಿ ಕತ್ತರಿಸುವ ಟೂಲ್ ತಿರುಗುತ್ತದೆ. ವಿಎಂಸಿಯ ಟ್ಯಾಂಕು 180 ಲೀಟರಿನದು. ಒಂದೇ ವರ್ಷದಲ್ಲಿ ಅದರ ಕೂಲಂಟನ್ನು ಮೂರು ಸಲ ಪೂರ್ತಿ ಬದಲಾಯಿಸಿದ್ದೆ. ಪ್ರತಿ ಸಲವೂ ಮೊದಲ ಎರಡು ವಾರ ಹಾಲಿನ ಹಾಗೆ ಬೆಳ್ಳಗೆ, ಚೆನ್ನಾಗಿಯೇ ಇರುತ್ತಿತ್ತು. ಮೂರನೇ ವಾರಕ್ಕೆ ಬೂದು ಬಣ್ಣ. ನಾಲ್ಕನೇ ಸೋಮವಾರ ವಾಸನೆ ಹಾಜರ್. ನಾನು ಸುಮ್ನೆ ಕೂಲಂಟ್ ಆಯಿಲ್ ಮಾರಿದವರನ್ನು ಬೈದುಕೊಂಡು ಓಡಾಡುತ್ತಿದ್ದೆ.

ನಿಜ ಗೊತ್ತಾಗಿದ್ದು ಒಂದು ಅಲೆನ್ ಕೀ ಕೈಜಾರಿ ಬಿದ್ದದ್ದರಿಂದ.

ನಾಲ್ಕನೇ ಸಲ ಟ್ಯಾಂಕ್ ಖಾಲಿ ಮಾಡಿದ ದಿನ ಅದು. ವ್ಯಾಕ್ಯೂಮ್ ಹಿಡಿದು ಹಳೆಯದನ್ನೆಲ್ಲ ಎಳೆದಿದ್ದೆ. ಮೇಲಿನಿಂದ ಬಗ್ಗಿ ನೋಡಿದರೆ ತಳದ ತಗಡು ಕಾಣುತ್ತಿತ್ತು. ಕ್ಲೀನ್ ಆಯಿತು ಅಂದುಕೊಂಡೆ. ಅಷ್ಟರಲ್ಲಿ 6 ಎಂಎಂ ಅಲೆನ್ ಕೀ ಕೈಯಿಂದ ಜಾರಿ ಲೋಹದ ಚೂರುಗಳನ್ನು (ಚಿಪ್) ಹೊರಗೆ ಸಾಗಿಸುವ ಚಿಪ್ ಕನ್ವೇಯರ್ ಪಕ್ಕದ ಸಂದಿಗೆ ಬಿತ್ತು. ಠಣ್ ಅಂತ ಸದ್ದು ಬರಬೇಕಿತ್ತು, ಅಲ್ವಾ? ಬರಲಿಲ್ಲ. ಪಚ್ ಅಂತ ಏನೋ ಮೆತ್ತನೆಯ ಸದ್ದು. ಗ್ಲೌಸ್ ಹಾಕಿಕೊಂಡು ಕೈ ಇಳಿಸಿದೆ. ಮೊಣಕೈವರೆಗೂ ಕಪ್ಪು ಲೋಳೆ ಮೆತ್ತಿಕೊಂಡು ಬಂತು.

ಕನ್ವೇಯರನ್ನೇ ಹೊರಗೆ ಎಳೆದೆವು. ಅದಕ್ಕೇ ಅರ್ಧ ದಿನ ಹೋಯಿತು. ಟ್ಯಾಂಕಿನೊಳಗಿನ ಅಡ್ಡ ತಗಡಿನ ಹಿಂದೆ, ಕನ್ವೇಯರ್ ಹೊಟ್ಟೆಯ ಕೆಳಗೆ, ಎರಡೂವರೆ ಬಕೆಟ್ ಗಸಿ ಸಿಕ್ಕಿತು. ನೋಡಲು ಕೆಸರಿನ ಹಾಗಿದೆ, ಆದರೆ ಒಳಗೆಲ್ಲ ಕಬ್ಬಿಣದ ಪುಡಿ. ಒಂದು ಬಕೆಟ್ ಎತ್ತಲು ಇಬ್ಬರು ಬೇಕಾಯಿತು. ಮೂರು ಸಲವೂ ನಾನು ಹೊಸ ಕೂಲಂಟ್ ಸುರಿದಿದ್ದು ಇದರ ಮೇಲೆಯೇ. ನಮ್ಮಲ್ಲಿರುವ ಹಿರಿಯ ಆಪರೇಟರ್ ಬಂದು ನೋಡಿದರು. "ಪಾತ್ರೆ ತೊಳೀದೆ ಹಾಲು ಕಾಯಿಸಿದ್ರೆ ಒಡೀದೆ ಇನ್ನೇನಾಗುತ್ತೆ?" ಅಂದು ಹೋದರು. ಹಾಲು ಒಡೆಯುವುದಕ್ಕಿಂತ ಹೆಪ್ಪು ಹಾಕುವುದು ಇನ್ನೂ ಸರಿಯಾದ ಹೋಲಿಕೆ ಅಂತ ನನಗನ್ನಿಸಿತು. ಒಂದು ಚಮಚ ಸಾಕಾಗುವ ಕಡೆ ಎರಡೂವರೆ ಬಕೆಟ್ ಹೆಪ್ಪು ಇಟ್ಟಿದ್ದೆ.

ಅಲೆನ್ ಕೀ ಸಿಕ್ಕಿತು, ಹೇಳಲು ಮರೆತೆ.

ಒಳಗೆ ನಡೆಯುವುದು ಇಷ್ಟು. ನೀರಿನಲ್ಲಿ ಬೆರೆಯುವ ಕೂಲಂಟ್ ಅಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಎಣ್ಣೆ ಹನಿಗಳು. ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಮಶೀನ್ ಓಡುತ್ತಿರುವಾಗ ಕೂಲಂಟ್ ಸುತ್ತುತ್ತಿರುತ್ತದೆ, ಗಾಳಿ ಬೆರೆಯುತ್ತಿರುತ್ತದೆ. ಆಗ ಇರುವ ಬ್ಯಾಕ್ಟೀರಿಯಾ ಅಷ್ಟಾಗಿ ವಾಸನೆ ಮಾಡುವುದಿಲ್ಲ. ಮಶೀನ್ ನಿಂತ ಮೇಲೆ, ಭಾಗಗಳು ಜಾರುವ ಹಳಿಯಾದ ಸ್ಲೈಡ್‌ವೇಯಿಂದ ಇಳಿದ ಆಯಿಲ್, ಹೈಡ್ರಾಲಿಕ್ ಆಯಿಲ್ ಎಲ್ಲ ಮೇಲೆ ಬಂದು ಕೆನೆಗಟ್ಟುತ್ತದೆ. ಟ್ಯಾಂಕಿಗೆ ಮುಚ್ಚಳ ಹಾಕಿದ ಹಾಗೆ. ಕೆಳಗಿರುವ ಆಮ್ಲಜನಕ ಮುಗಿಯುತ್ತದೆ, ಗಾಳಿ ಬೇಡದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಏಳುತ್ತದೆ. ಅದು ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಭಾನುವಾರ ಪೂರ್ತಿ ಕೆಳಗೆ ಸೇರಿಕೊಂಡಿದ್ದ ಗ್ಯಾಸ್ ಸೋಮವಾರ ಪಂಪ್ ಆನ್ ಆದ ಕೂಡಲೇ ಮೇಲೆ ಬರುತ್ತದೆ. ಅದಕ್ಕೇ ಸೋಮವಾರ. ಇನ್ನೊಂದು ಮಾತು, ಟ್ಯಾಂಕ್ ಕ್ಲೀನ್ ಮಾಡುವಾಗ ಅದರೊಳಗೆ ತಲೆ ತೂರಿಸಬೇಡಿ. ಈ ಗ್ಯಾಸ್ ಜಾಸ್ತಿ ಆದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಇಲ್ಲ ಅಂದರೆ ಗ್ಯಾಸ್ ಇಲ್ಲ ಅಂತ ಅರ್ಥ ಅಲ್ಲ.

ಹಾಗಾಗಿ ನಾನು ಮೊದಲು ಹಿಡಿದದ್ದು ಆ ಮೇಲಿನ ಎಣ್ಣೆಯನ್ನು. ಒಂದು ಸಣ್ಣ ಬೆಲ್ಟ್ ಸ್ಕಿಮ್ಮರ್ ಕೂರಿಸಿದೆ. ಬೆಲ್ಟ್ ಟ್ಯಾಂಕಿಗೆ ಇಳಿದು ಎಣ್ಣೆ ಹಿಡಿದುಕೊಂಡು ಮೇಲೆ ಬರುತ್ತದೆ, ಒಂದು ಪಟ್ಟಿ ಅದನ್ನು ಕೆರೆದು ಡಬ್ಬಿಗೆ ಬೀಳಿಸುತ್ತದೆ. ಅಷ್ಟೇ. ಮೊದಲ ವಾರ ಹಗಲೂ ರಾತ್ರಿ ಓಡಿಸಿದೆ. ಡಬ್ಬಿ ಬೇಗ ತುಂಬಿತು, ಖುಷಿಯಾಯಿತು. ನೋಡಿದರೆ ಡಬ್ಬಿಯಲ್ಲಿ ಅರ್ಧಕ್ಕರ್ಧ ಒಳ್ಳೆಯ ಕೂಲಂಟೇ! ಮೇಲೆ ಎಣ್ಣೆ ಇಲ್ಲದಾಗ ಬೆಲ್ಟ್ ಕೂಲಂಟನ್ನೇ ಎಳೆದು ತರುತ್ತದೆ. ಪಂಪ್ ಓಡುವಾಗ ಎಣ್ಣೆ ಕಲಸಿಹೋಗಿರುತ್ತದೆ, ಮೇಲೆ ಬಂದಿರುವುದೇ ಇಲ್ಲ. ಈಗ ಒಂದು ಟೈಮರ್ ಹಾಕಿದ್ದೇನೆ. ಶಿಫ್ಟ್ ಶುರುವಾಗುವ ಒಂದು ಗಂಟೆ ಮೊದಲು ಸ್ಕಿಮ್ಮರ್ ಓಡುತ್ತದೆ, ಶಿಫ್ಟ್ ಶುರುವಾದಾಗ ನಿಲ್ಲುತ್ತದೆ. ರಾತ್ರಿಯೆಲ್ಲ ತಣ್ಣಗೆ ಮೇಲೆ ಬಂದು ನಿಂತ ಎಣ್ಣೆ ಮಾತ್ರ ಡಬ್ಬಿಗೆ ಬೀಳುತ್ತದೆ.

ಆ ಡಬ್ಬಿಯಿಂದ ನನಗೆ ಇನ್ನೊಂದು ವಿಷಯ ಗೊತ್ತಾಯಿತು. ವಾರಕ್ಕೆ ಸುಮಾರು ಎರಡು ಲೀಟರ್ ಎಣ್ಣೆ ಸಿಗುತ್ತಿತ್ತು. ಮಶೀನಿನ ಲೂಬ್ರಿಕೇಟರ್ ಡಬ್ಬಕ್ಕೆ ನಾವು ವಾರಕ್ಕೆ ಎಷ್ಟು ಸ್ಲೈಡ್‌ವೇ ಆಯಿಲ್ ಹಾಕುತ್ತೇವೆ ಅಂತ ಲೆಕ್ಕ ನೋಡಿದೆ. ಅದೂ ಎರಡು ಲೀಟರ್! ಒಂದು ಕಡೆ ಸುರಿಯುತ್ತಿದ್ದೆ, ಇನ್ನೊಂದು ಕಡೆ ಹಿಡಿಯುತ್ತಿದ್ದೆ. ಸ್ಲೈಡ್‌ವೇ ಆಯಿಲ್ ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ, ಅದೆಲ್ಲ ಸೇರುವುದು ಕೂಲಂಟ್ ಟ್ಯಾಂಕಿಗೇ. ಮ್ಯಾನುಯಲ್ ತೆಗೆದು ನೋಡಿದರೆ, ಯಾರೋ ಯಾವಾಗಲೋ ಲೂಬ್ರಿಕೇಟರ್ ಎಣ್ಣೆ ಬಿಡುವ ಟೈಮನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ಜಾಸ್ತಿ ಇಟ್ಟಿದ್ದರು. ಮ್ಯಾನುಯಲ್ ಹೇಳಿದಷ್ಟಕ್ಕೆ ಇಳಿಸಿದೆ. ಇಲ್ಲಿ ಒಂದು ಎಚ್ಚರಿಕೆ, ಮ್ಯಾನುಯಲ್ಲಿಗಿಂತ ಕಡಿಮೆ ಮಾತ್ರ ಮಾಡಬೇಡಿ. ಕೂಲಂಟ್ ಉಳಿಸಲು ಹೋಗಿ ಸ್ಲೈಡ್ ಸವೆಸಿಕೊಂಡರೆ ಯಾರಿಗೂ ಲಾಭ ಇಲ್ಲ.

ಇನ್ನು ಸಾಂದ್ರತೆ, ಅಂದರೆ ನೀರಿಗೆ ಎಷ್ಟು ಕೂಲಂಟ್ ಆಯಿಲ್ ಬೆರೆಸಿದೆ ಅನ್ನುವುದು. ನಮ್ಮ ಕೂಲಂಟಿಗೆ 7 ಶೇಕಡಾ ಅಂತ ಇಟ್ಟುಕೊಂಡಿದ್ದೇವೆ. ಅದನ್ನು ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಹಾಕಿ ಬೆಳಕಿನ ಕಡೆ ಹಿಡಿದು ನೋಡಿದರೆ ನೀಲಿ ಮತ್ತು ಬಿಳಿ ನಡುವೆ ಒಂದು ಗೆರೆ ಕಾಣುತ್ತದೆ. ಅದು ತೋರಿಸುವುದು ಬ್ರಿಕ್ಸ್ ಅನ್ನುವ ಸಕ್ಕರೆ ನೀರಿನ ಅಳತೆ, ಕೂಲಂಟಿನ ಶೇಕಡಾ ಅಲ್ಲ. ಕೂಲಂಟಿನ ಡೇಟಾ ಶೀಟಿನಲ್ಲಿ ಒಂದು ಫ್ಯಾಕ್ಟರ್ ಕೊಟ್ಟಿರುತ್ತಾರೆ, ಅದರಿಂದ ಗುಣಿಸಬೇಕು. ಫ್ಯಾಕ್ಟರ್ 1.5 ಇದ್ದು ಗೆರೆ 4ಕ್ಕೆ ನಿಂತರೆ ನಿಮ್ಮದು 6 ಶೇಕಡಾ. ನಾನು ಎಷ್ಟೋ ಕಾಲ ಗುಣಿಸದೆಯೇ ಓದುತ್ತಿದ್ದೆ. ಕಡಿಮೆ ಇದೆ ಅಂದುಕೊಂಡು ಕೂಲಂಟ್ ಆಯಿಲ್ ಸುರಿಯುತ್ತಿದ್ದೆ. ಅದು 11 ಶೇಕಡಾ ದಾಟಿತ್ತು. ಆ ಮಶೀನಿನ ಹುಡುಗನ ಬೆರಳ ಸಂದಿಯೆಲ್ಲ ಕೆಂಪಾಗಿ ತುರಿಕೆ ಬಂದಾಗಲೇ ನನಗೆ ಎಚ್ಚರವಾದದ್ದು. "ಅಣ್ಣಾ, ಗ್ಲೌಸ್ ಹಾಕಿದ್ರೂ ಉರಿಯುತ್ತೆ" ಅಂದಿದ್ದ. ಅವನ ಕೈ ಸರಿಹೋಯಿತು, ನನಗೆ ಮಾತ್ರ ಅದು ಇನ್ನೂ ಚುಚ್ಚುತ್ತದೆ.

ಗೆರೆ ಚೂಪಾಗಿ ಕಾಣದೆ ಮಸುಕಾಗಿ ಹರಡಿಕೊಂಡಿದೆಯಾ? ಹಾಗಾದರೆ ಬೇರೆ ಎಣ್ಣೆ ಕೂಲಂಟಿನೊಳಗೆ ಕಲಸಿಹೋಗಿದೆ ಅಂತ ಅರ್ಥ. ಆ ರೀಡಿಂಗನ್ನು ಪೂರ್ತಿ ನಂಬಬೇಡಿ. ನಿಜವಾದ ಕೂಲಂಟ್ ಅದಕ್ಕಿಂತ ಕಡಿಮೆಯೇ ಇರುತ್ತದೆ.

ದಿನವೂ ಆವಿಯಾಗಿ ಹೋಗುವುದು ನೀರು. ಆಯಿಲ್ ಉಳಿಯುತ್ತದೆ, ನೀರಿನಲ್ಲಿದ್ದ ಉಪ್ಪೂ ಉಳಿಯುತ್ತದೆ. ಹಾಗಂತ ಬರೀ ನೀರು ಸುರಿಯುತ್ತಾ ಹೋದರೂ ತಪ್ಪು, ಪಾರ್ಟಿನ ಜೊತೆ, ಚಿಪ್ಪಿನ ಜೊತೆ ಸ್ವಲ್ಪ ಕೂಲಂಟೂ ಹೊರಗೆ ಹೋಗಿರುತ್ತದೆ. ಹೋದ ವಾರದ ಲೆಕ್ಕ ಹೇಳುತ್ತೇನೆ. ಟ್ಯಾಂಕಿನಲ್ಲಿ 140 ಲೀಟರ್ ಉಳಿದಿತ್ತು, ರೀಡಿಂಗ್ 8 ಶೇಕಡಾ. ಅಂದರೆ ಒಳಗೆ 11.2 ಲೀಟರ್ ಆಯಿಲ್ ಇದೆ. 180 ಲೀಟರಿಗೆ 7 ಶೇಕಡಾ ಬೇಕು ಅಂದರೆ 12.6 ಲೀಟರ್. ಕೊರತೆ 1.4 ಲೀಟರ್. ಹಾಗಾಗಿ 38.6 ಲೀಟರ್ ನೀರಿಗೆ 1.4 ಲೀಟರ್ ಆಯಿಲ್, ಬೇರೆ ಡ್ರಮ್ಮಿನಲ್ಲಿ ಕಲಸಿ ಹಾಕಿದೆ. ಕಲಸುವಾಗ ಮೊದಲು ನೀರು, ಆಮೇಲೆ ಆಯಿಲ್, ಕೈ ಆಡಿಸುತ್ತಾ ನಿಧಾನಕ್ಕೆ. ಉಲ್ಟಾ ಮಾಡಿದರೆ ಗಂಟುಗಂಟಾಗಿ ಲೋಳೆಯಾಗುತ್ತದೆ, ಎಷ್ಟು ಕಲಸಿದರೂ ಸರಿಹೋಗುವುದಿಲ್ಲ. ನೀರು ಗಡುಸಾಗಿದ್ದರೆ ಆರ್‌ಓ ನೀರು ಒಳ್ಳೆಯದು. ಟಾಪ್ ಅಪ್ ಮಾಡಿದಷ್ಟೂ ಕ್ಯಾಲ್ಸಿಯಂ ಒಳಗೆ ಸೇರುತ್ತಾ ಹೋಗಿ ಕೊನೆಗೆ ಎಣ್ಣೆ ಹನಿಗಳು ಒಂದಕ್ಕೊಂದು ಕೂಡಿಕೊಂಡು ನೀರಿನಿಂದ ಬೇರೆಯಾಗುತ್ತವೆ.

ಹಳೆಯ ಕೂಲಂಟನ್ನು ಮತ್ತೆ ಬಳಸುವುದು ಹೇಗೆ ಅಂತ ಕೇಳುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ಸೆಂಟ್ರಿಫ್ಯೂಜ್ ಇರುತ್ತದೆ, ಎಣ್ಣೆಯನ್ನೂ ಪುಡಿಯನ್ನೂ ಒಟ್ಟಿಗೆ ಬೇರೆ ಮಾಡಿ ಕೊಡುತ್ತದೆ. ನನ್ನ ಹತ್ತಿರ ಇರುವುದು 200 ಲೀಟರಿನ ಎರಡು ಡ್ರಮ್, ಒಂದು ಬ್ಯಾಗ್ ಫಿಲ್ಟರ್. ಮೊದಲ ಡ್ರಮ್ಮಿಗೆ ತುಂಬಿ ಒಂದು ರಾತ್ರಿ ಅಲುಗಾಡಿಸದೆ ಬಿಡುತ್ತೇನೆ. ಪುಡಿ ತಳಕ್ಕೆ, ಎಣ್ಣೆ ಮೇಲಕ್ಕೆ. ಡ್ರಮ್ಮಿನ ನಲ್ಲಿಯನ್ನು ತಳದಿಂದ ಒಂದು ಗೇಣು ಮೇಲೆ ಹಾಕಿಸಿದ್ದೇನೆ, ಗಸಿ ಬರದಿರಲಿ ಅಂತ. ಮೇಲಿನ ಎಣ್ಣೆಯನ್ನು ಸ್ಕಿಮ್ಮರಿನಿಂದ ತೆಗೆದು, ನಡುವಿನದ್ದನ್ನು ಮಾತ್ರ 25 ಮೈಕ್ರಾನ್ ಬ್ಯಾಗಿನ ಮೂಲಕ ಎರಡನೇ ಡ್ರಮ್ಮಿಗೆ ಬಿಡುತ್ತೇನೆ. ಆಮೇಲೆ ಸಾಂದ್ರತೆ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಎರಡೂ ನೋಡುತ್ತೇನೆ. ಪಿಎಚ್ 8.8ರಿಂದ 9.2ರ ಒಳಗಿದ್ದರೆ ಅರ್ಧ ಅದು, ಅರ್ಧ ಹೊಸದು ಸೇರಿಸಿ ಬಳಸುತ್ತೇನೆ. 8.5ಕ್ಕಿಂತ ಕೆಳಗೆ ಇಳಿದಿದ್ದರೆ ಆಸೆ ಬಿಡುತ್ತೇನೆ. ಬಟ್ಟೆಯ ಬ್ಯಾಗ್ ಪುಡಿ ಹಿಡಿಯುತ್ತದೆ ಅಷ್ಟೇ. ಬ್ಯಾಕ್ಟೀರಿಯಾ, ಉಪ್ಪು, ಒಳಗೆ ಕಲಸಿಹೋದ ಎಣ್ಣೆ ಅದರಲ್ಲಿ ಸಲೀಸಾಗಿ ದಾಟಿ ಹೋಗುತ್ತವೆ. ನೋಡಲು ಬೆಳ್ಳಗಾಯಿತು ಅಂತ ಕೆಟ್ಟದ್ದನ್ನು ಒಳ್ಳೆಯ ಟ್ಯಾಂಕಿಗೆ ಹಾಕಿ ನಾನು ಒಮ್ಮೆ ಎರಡೂ ಕಳೆದುಕೊಂಡಿದ್ದೇನೆ. ಬ್ಲೀಚಿಂಗ್ ಪೌಡರ್, ಫಿನಾಯಿಲ್ ಹಾಕಿ ವಾಸನೆ ಓಡಿಸುವವರನ್ನೂ ನೋಡಿದ್ದೇನೆ. ಬ್ಲೀಚ್ ಹಾಕಿದ ಮರುದಿನ, ಲೋಹದ ತುಂಡನ್ನು ಬಿಗಿದು ಹಿಡಿಯುವ ವೈಸ್ ಮೇಲೆ ತುಕ್ಕಿನ ಚುಕ್ಕೆ ನೋಡಿ, ಆಮೇಲೆ ಮಾತಾಡಿ.

ಟ್ಯಾಂಕ್ ಪೂರ್ತಿ ಖಾಲಿ ಮಾಡುವ ದಿನ ಬಂದರೆ, ಈಗ ಹಿಂದಿನ ದಿನವೇ ಹಳೆಯ ಕೂಲಂಟಿಗೆ ಸಿಸ್ಟಮ್ ಕ್ಲೀನರ್ ಹಾಕಿ ಮಶೀನ್ ಓಡಿಸುತ್ತೇವೆ. ಪೈಪಿನೊಳಗೆ, ನಾಜಲಿನೊಳಗೆ ಅಂಟಿದ ಲೋಳೆ ಬಿಟ್ಟುಕೊಳ್ಳುತ್ತದೆ, ಅಲ್ಲಿಗೆ ನಮ್ಮ ಕೈ ಹೋಗುವುದಿಲ್ಲವಲ್ಲ. ಮರುದಿನ ಖಾಲಿ, ಕನ್ವೇಯರ್ ಹೊರಗೆ, ಕೆರೆಯುವುದು, ತೆಳುವಾಗಿ ಕಲಸಿದ ಹೊಸ ಕೂಲಂಟಿನಲ್ಲಿ ಒಂದು ಸಲ ತೊಳೆಯುವುದು. ಬರೀ ನೀರಿನಲ್ಲಿ ತೊಳೆದು ಊಟಕ್ಕೆ ಹೋದರೆ ಬರುವಷ್ಟರಲ್ಲಿ ತುಕ್ಕು ಕಾದಿರುತ್ತದೆ. ಕೆಲಸಕ್ಕೆ ಬಾರದ ಕೂಲಂಟ್, ಸ್ಕಿಮ್ಮರ್ ಎಣ್ಣೆ, ಆ ಗಸಿ ಎಲ್ಲ ಬೇರೆ ಬೇರೆ ಡ್ರಮ್ಮಿನಲ್ಲಿ ಮುಚ್ಚಿಟ್ಟು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರಿಗೇ ಕೊಡುತ್ತೇವೆ. ಚರಂಡಿಗೆ ಬಿಡುವ ಮಾತೇ ಇಲ್ಲ.

ಆ ಎರಡೂವರೆ ಬಕೆಟ್ ತೆಗೆದು ಈಗ ಹದಿನಾಲ್ಕು ತಿಂಗಳಾಯಿತು. ವಿಎಂಸಿಯಲ್ಲಿ ಇನ್ನೂ ಅದೇ ಕೂಲಂಟ್. ಟಾಪ್ ಅಪ್, ಸ್ಕಿಮ್ಮರ್ ಬಿಟ್ಟರೆ ಅದಕ್ಕೆ ಬೇರೇನೂ ಮಾಡಿಲ್ಲ. ಹಳೆಯ ಲೇತ್ ಮಾತ್ರ ಇನ್ನೂ ಜಗ್ಗುತ್ತಿಲ್ಲ. ಅದರಲ್ಲಿ ತುಂಡನ್ನು ಹಿಡಿಯುವ ಚಕ್ಕಿನ ಸಿಲಿಂಡರಿನಿಂದ ಹೈಡ್ರಾಲಿಕ್ ಆಯಿಲ್ ಸೋರುತ್ತಿದೆ, ಸ್ಕಿಮ್ಮರಿನ ಡಬ್ಬಿ ಎರಡು ದಿನಕ್ಕೇ ತುಂಬುತ್ತದೆ. ಸೀಲ್ ಕಿಟ್ ಬಂದು ಮೇಜಿನ ಮೇಲೆ ಕೂತಿದೆ. ಈ ಭಾನುವಾರ ಬಿಚ್ಚಬೇಕು.