ಒಂದು ಗೇಣು ದೂರ

ಭಾನುವಾರದಿಂದ ಒಂದೇ ದೃಶ್ಯ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿದೆ. ಅಮ್ಮ ಗಾಲಿಕುರ್ಚಿಯಲ್ಲಿ ಕೂತು ಬಲಗೈ ಕೆಳಗೆ ಚಾಚಿದ್ದಾಳೆ. ನೆಲದ ಮೇಲಿಟ್ಟ ಪುದೀನ ಕುಂಡಕ್ಕೂ ಅವಳ ಬೆರಳಿಗೂ ಒಂದು ಗೇಣು ದೂರ. ಬೆರಳುಗಳು ಗಾಳಿಯಲ್ಲೇ ಎಲೆ ಹುಡುಕುತ್ತಿವೆ. "ಸಿಗ್ತಿಲ್ಲ ಕಣೇ" ಅಂದಳು. ದನಿಯಲ್ಲಿ ಬೇಜಾರು ಇರಲಿಲ್ಲ, ಸುಮ್ನೆ ಹೇಳಿದಳು. ಅದಕ್ಕೇ ಜಾಸ್ತಿ ನೋವಾಯಿತು.

ಗ್ಲಾಕೋಮಾ ಅವಳ ಕಣ್ಣಿನ ಅಕ್ಕಪಕ್ಕದ ನೋಟವನ್ನು ಮೊದಲು ತಿಂದಿತು, ಈಗ ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಮೊಣಕಾಲೂ ಕೈಕೊಟ್ಟಿದೆ. ಮೂಗಿಗೆ, ಬೆರಳಿಗೆ ಸಿಗುವ ಒಂದು ಪುಟ್ಟ ತೋಟ ಮಾಡೋಣ ಅಂತ ಮೂರು ವಾರದಿಂದ ನಕ್ಷೆ ಬರೆಯುತ್ತಿದ್ದೆ. ದಾರಿ 90 ಸೆಂ.ಮೀ. ಅಗಲ, ಕುರ್ಚಿ ಪೂರ್ತಿ ತಿರುಗಲು 1.5 ಮೀಟರ್ ಜಾಗ, ಗಾಲಿ ಹೂತುಹೋಗದಂತೆ ಜಲ್ಲಿಯ ಬದಲು ಗಟ್ಟಿ ನೆಲ. ಎಲ್ಲ ಬರೆದಿದ್ದೆ. ಅವಳು ಗಿಡದ ತನಕ ಬರುವುದನ್ನಷ್ಟೇ ಯೋಚಿಸಿದ್ದೆ. ಬಂದ ಮೇಲೆ ಕೈ ಎಲ್ಲಿಗೆ ಹೋಗುತ್ತೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಅವತ್ತೇ ಸಂಜೆ ಅವಳ ಕುರ್ಚಿಯಲ್ಲಿ ನಾನೇ ಕೂತು ಕೈ ಚಾಚಿ ನೋಡಿದೆ. ಬದಿಯಿಂದ ಮುಟ್ಟುವುದಾದರೆ ಗಿಡ ನೆಡುವ ಮಡಿ 60 ಸೆಂ.ಮೀ. ಎತ್ತರ ಇದ್ದರೆ ಸಾಕು. ಎದುರಿಗೆ ಕೂತು ಕೆಲಸ ಮಾಡಬೇಕಾದರೆ ಮೊಣಕಾಲು ಮಡಿಯ ಅಡಿಗೆ ಹೋಗಬೇಕು, ಅದಕ್ಕೆ ಸುಮಾರು 70 ಸೆಂ.ಮೀ. ಖಾಲಿ ಜಾಗ ಬಿಟ್ಟು ಮೇಲೆ 15 ಸೆಂ.ಮೀ. ಆಳದ ಪೆಟ್ಟಿಗೆ ಇಡಬೇಕು. ನಾನು ಒಂದು ಮೀಟರ್ ಅಗಲದ ಮಡಿ ಬರೆದಿದ್ದೆ. ಒಂದೇ ಕಡೆಯಿಂದ ಕೈ ಹೋಗುವುದು 60 ಸೆಂ.ಮೀ.ವರೆಗೆ ಮಾತ್ರ. ಉಳಿದದ್ದು ಬೇರೆಯವರು ನೋಡಿ ಖುಷಿಪಡಲು, ಅಷ್ಟೇ ಅಲ್ವಾ?

"ಕಾಣದವರಿಗೆ ಇಷ್ಟೆಲ್ಲ ಯಾಕೆ? ಬೇಕಾದಾಗ ನಾಲ್ಕು ಎಲೆ ಕಿತ್ತು ಕೈಗೆ ಕೊಟ್ಟರಾಯ್ತು" ಅಂದ ತಮ್ಮ. ಅವನಿಗೆ ಅಮ್ಮ ಅಂದರೆ ಪ್ರಾಣ. ಆದರೆ ಅವನದು "ನೀನು ಕೂತಿರು, ನಾನು ತಂದುಕೊಡ್ತೀನಿ" ಅನ್ನುವ ಪ್ರೀತಿ. ನನ್ನದೂ ಅದೇ. ಹೀಗೆ ತಂದುಕೊಟ್ಟು ತಂದುಕೊಟ್ಟು ಎರಡು ವರ್ಷದಲ್ಲಿ ಅವಳ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಂಡಿದ್ದೇವೆ. ಅಳತೆಗೆ ಬಂದ ಬಡಗಿ ಕೇಳಿದ ಮೊದಲ ಪ್ರಶ್ನೆ: "ನೀರು ಅಮ್ಮನೇ ಹಾಕ್ತಾರಾ, ನೀವು ಹಾಕ್ತೀರಾ?" ಮನೆಯವರು ಯಾರೂ ಕೇಳದ ಪ್ರಶ್ನೆ ಅದು. ಆ ಮನುಷ್ಯನ ಮೇಲೆ ನನಗೆ ತುಂಬಾ ಗೌರವ ಬಂತು.

"ನಾನೇ ಹಾಕ್ತೀನಿ" ಅಂತ ಒಳಗಿನಿಂದ ಅಮ್ಮನ ದನಿ ಬಂತು.

ಮರುದಿನ ನಕ್ಷೆ ಪಕ್ಕಕ್ಕಿಟ್ಟು ಒಂದೊಂದೇ ಎಲೆ ಅವಳ ಕೈಗೆ ಕೊಟ್ಟೆ. ದೊಡ್ಡಪತ್ರೆಯನ್ನು ಮೂಗಿನ ಹತ್ತಿರ ಒಯ್ಯುವ ಮೊದಲೇ ಹೇಳಿಬಿಟ್ಟಳು. ಹೆಬ್ಬೆರಳು ಆ ದಪ್ಪ ಎಲೆಯ ಸಣ್ಣ ರೋಮದ ಮೇಲೆ ಒಂದು ಸುತ್ತು ಹೋಯಿತು, ಆಮೇಲೆ ಅಂಚಿನ ಕಚ್ಚುಗಳನ್ನು ಎಣಿಸುವ ಹಾಗೆ ನಿಧಾನವಾಗಿ ಸರಿಯಿತು. ಆಮೇಲೆ ಉಜ್ಜಿದಳು. ಈ ಗಿಡಗಳ ಎಣ್ಣೆ ಎಲೆಯ ಮೇಲಿನ ಪುಟ್ಟ ಗ್ರಂಥಿಗಳಲ್ಲಿರುತ್ತದೆ, ಉಜ್ಜಿದಾಗ ಅವು ಒಡೆದು ಪರಿಮಳ ಬರುತ್ತದೆ. ಕೋಣೆ ತುಂಬ ಹರಡಿತು. ರೋಸ್‌ಮೇರಿ ಬೇಡ ಅಂದಳು, ತಲೆನೋವು ಬರುತ್ತಂತೆ. ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ವಾಸನೆ ಇಷ್ಟವಾಯಿತು, ಆದರೆ ಅದರ ಗರಿಯ ಅಂಚು ಬೆರಳು ಕೊಯ್ಯುತ್ತದೆ. ತಡವಿ ನೋಡುವ ಕೈಗೆ ಅದು ಅಪಾಯ. ಅದನ್ನು ದೂರದ ದೊಡ್ಡ ಕುಂಡಕ್ಕೆ ಹಾಕಿ, ಗರಿ ಕತ್ತರಿಸಿ ಕೊಡುವುದು ಅಂತಾಯಿತು. ನಾಗದಾಳಿ (ರೂ) ಸೊಪ್ಪನ್ನು ಪಟ್ಟಿಯಿಂದಲೇ ತೆಗೆದೆ. ಅದರ ರಸ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಪುದೀನಕ್ಕೆ ಬೇರೆಯೇ ಪೆಟ್ಟಿಗೆ, ಇಲ್ಲದಿದ್ದರೆ ಕುಡಿ ಚಾಚಿ ಎಲ್ಲವನ್ನೂ ನುಂಗುತ್ತದೆ.

ಯಾವ ಗಿಡ ಎಲ್ಲಿದೆ ಅಂತ ತಿಳಿಯಲು ಪೆಟ್ಟಿಗೆಯ ಅಂಚಿನಲ್ಲಿ ಗೀರು ಹಾಕಿಸು ಅಂದವಳೂ ಅವಳೇ. ಪುದೀನಕ್ಕೆ ಒಂದು, ದೊಡ್ಡಪತ್ರೆಗೆ ಎರಡು, ಕಾಮಕಸ್ತೂರಿಗೆ ಮೂರು.

ಪೆಟ್ಟಿಗೆ ಇನ್ನೂ ಬಂದಿಲ್ಲ. ನಿನ್ನೆ ನೋಡಿದರೆ ಅಮ್ಮ ನಲ್ಲಿಯ ಹತ್ತಿರ ಇದ್ದಳು. ಮಗ್ಗಿಗೆ ಅರ್ಧ ನೀರು ತುಂಬಿಸಿ, ಎತ್ತಿ, ತೋಳು ಪೂರ್ತಿ ಮುಂದಕ್ಕೆ ಚಾಚಿದಳು. ಸ್ವಲ್ಪ ಚೆಲ್ಲಿತು. ಒಂದಿಷ್ಟು ಸುರಿದು ಮತ್ತೆ ಎತ್ತಿದಳು. "ಇಷ್ಟಾದರೆ ಆಗುತ್ತೆ" ಅಂದಳು.