ವಾರ್ಡಿನಿಂದ ಕೇರ್ ಕೋಆರ್ಡಿನೇಷನ್‌ಗೆ ಬಂದ ಮೇಲೆ

"ನಿಂದು ಈಗ ಆರಾಮ ಬಿಡು, ನೈಟ್ ಡ್ಯೂಟಿ ಇಲ್ಲ" ಅಂತ ಹಳೆಯ ವಾರ್ಡಿನ ಗೆಳತಿಯರು ಹೇಳುತ್ತಾರೆ. ನೈಟ್ ಇಲ್ಲ, ನಿಜ. ಕೇರ್ ಕೋಆರ್ಡಿನೇಷನ್ ಅಂದರೆ ರೋಗಿ ಮನೆಗೆ ಹೋದ ಮೇಲಿನ ಆರೈಕೆಗೆ ಆಸ್ಪತ್ರೆಯಲ್ಲೇ ಏರ್ಪಾಡು ಮಾಡುವುದು, ಆಮೇಲೆ ಫೋನಿನಲ್ಲಿ ವಿಚಾರಿಸುವುದು. ಆದರೆ ಇದು ಸುಮ್ನೆ ಕೂತು ಫೋನ್ ಮಾಡುವ ಕೆಲಸ ಅಂದರೆ ನಾನು ಒಪ್ಪುವುದಿಲ್ಲ.

ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಮುಗಿಸಿ ಮೆಡಿಸಿನ್ ವಾರ್ಡಿಗೆ ಸೇರಿದವಳು ನಾನು. ಆಮೇಲೆ ಡಿಪ್ಲೊಮಾ ಆದವರು ಓದುವ ನರ್ಸಿಂಗ್ ಪದವಿ, ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಂಡೆ. ಸ್ಟ್ರೋಕ್ ಆದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುತ್ತಿದ್ದೆವು, ಮೂಗಿನ ಟ್ಯೂಬಿನಲ್ಲಿ ಗಂಜಿ ಕೊಡುವಾಗ ತಲೆಯ ಕಡೆ ಮಂಚ ಎತ್ತಿ, ಕೊಟ್ಟ ಮೇಲೂ ಅರ್ಧ ಗಂಟೆ ಇಳಿಸುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಇದನ್ನೆಲ್ಲ ಮಾಡುವವರು ಯಾರು? ಹೆಂಡತಿ, ಇಲ್ಲ ಸೊಸೆ. ಅವರ ಕೈಗೆ ಸಿಗುವುದು ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ. ಬೆನ್ನಿನಲ್ಲಿ ಹುಣ್ಣಾಗಿ ವಾಪಸ್ ಬಂದವರನ್ನು ನೋಡಿ ನೋಡಿ ಸಾಕಾಗಿ ಈ ಕೆಲಸಕ್ಕೆ ಅರ್ಜಿ ಹಾಕಿದೆ.

ಈಗ ಡಿಸ್ಚಾರ್ಜ್‌ಗೆ ಮುಂಚೆಯೇ ಮನೆಯವರನ್ನು ಮಂಚದ ಹತ್ತಿರ ನಿಲ್ಲಿಸಿಕೊಂಡು ಅವರ ಕೈಯಲ್ಲೇ ಎಲ್ಲ ಮಾಡಿಸುತ್ತೇನೆ. ರೇಷನ್ ಕಾರ್ಡ್ ಬಗ್ಗೆ ಮೊದಲ ದಿನವೇ ಕೇಳಿ, ಸರ್ಕಾರಿ ಆರೋಗ್ಯ ಯೋಜನೆಗೆ ಆಸ್ಪತ್ರೆಯಲ್ಲಿ ನೆರವಾಗುವ ಆರೋಗ್ಯಮಿತ್ರರ ಹತ್ತಿರ ಕಳಿಸುತ್ತೇನೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದೆ ಅನ್ನುವುದು ಎಷ್ಟೋ ಜನಕ್ಕೆ ಬಿಲ್ ನೋಡಿದ ಮೇಲೆ ಗೊತ್ತಾಗುತ್ತದೆ.

ಒಬ್ಬ ಅಜ್ಜಿಗೆ ಇನ್ಸುಲಿನ್ ಬರೆದಿದ್ದರು. "ಮನೇಲಿ ಫ್ರಿಜ್ ಇದೆಯಾ ಅಜ್ಜಿ?" ಅಂದೆ. "ಪಕ್ಕದ ಮನೇಲಿದೆ ಕಣವ್ವ, ದಿನಾ ಕೇಳಕ್ಕೆ ಸಂಕೋಚ" ಅಂದರು. ದೊಡ್ಡ ಮಡಕೆಗೆ ಒದ್ದೆ ಮರಳು ತುಂಬಿ, ನಡುವೆ ಸಣ್ಣ ಕುಡಿಕೆ ಇಟ್ಟು, ಬಾಟಲಿ ಅದರೊಳಗೆ, ಮೇಲೆ ಒದ್ದೆ ಬಟ್ಟೆ, ಮಡಕೆ ನೆರಳಲ್ಲಿರಬೇಕು, ನೀರು ಒಳಗೆ ಹೋಗಬಾರದು ಅಂತ ಮೊಮ್ಮಗನಿಗೆ ಚಿತ್ರ ಬರೆದು ತೋರಿಸಿದೆ. ತೆರೆದ ದಿನ ಬಾಟಲಿ ಮೇಲೆ ತಾರೀಖು ಬರೆಯಲು ಹೇಳಿದೆ, ಸಾಮಾನ್ಯವಾಗಿ 28 ದಿನ ಬರುತ್ತದೆ. ಫ್ರಿಜ್ ಇದೆಯಾ ಅನ್ನುವ ಪ್ರಶ್ನೆ ಯಾವ ಫಾರಂನಲ್ಲೂ ಇಲ್ಲ.

ಕೆಲವು ಕಡೆ ಈ ಹುದ್ದೆಗೆ ನರ್ಸಿಂಗ್ ಗೊತ್ತಿಲ್ಲದವರನ್ನು ಹಾಕುತ್ತಾರೆ. ಅದು ತಪ್ಪು. ಫೋನಿನಲ್ಲಿ "ಅಪ್ಪ ಯಾಕೋ ಮಂಕಾಗಿದ್ದಾರೆ ಸಿಸ್ಟರ್" ಅಂದಾಗ ಶುಗರ್ ಇಳಿದಿರಬಹುದು, ಸೋಂಕು ಆಗಿರಬಹುದು, ಮತ್ತೆ ಸ್ಟ್ರೋಕ್ ಆಗುತ್ತಿರಬಹುದು. ಬೆವರುತ್ತಿದ್ದಾರಾ, ಮಾತು ತೊದಲುತ್ತಿದೆಯಾ, ಮೂತ್ರ ಎಷ್ಟು ಹೋಯಿತು ಅಂತ ಆ ಕ್ಷಣಕ್ಕೆ ಕೇಳಲು ವಾರ್ಡಿನ ಅನುಭವ ಬೇಕೇ ಬೇಕು, ಅಲ್ವಾ?

ನೀವೂ ಈ ಕಡೆ ಬರುವ ಯೋಚನೆಯಲ್ಲಿದ್ದರೆ, ಇಂಟರ್‌ವ್ಯೂನಲ್ಲೇ ಕೇಳಿ. ಡಾಕ್ಟರ ರೌಂಡ್ಸ್‌ಗೆ ನಿಮ್ಮನ್ನು ಸೇರಿಸಿಕೊಳ್ಳುತ್ತಾರಾ? ವಾರ್ಡಿನಲ್ಲಿ ದುಡಿದ ವರ್ಷಗಳನ್ನು ಸಂಬಳಕ್ಕೆ ಲೆಕ್ಕ ಹಿಡಿಯುತ್ತಾರಾ? ಎರಡಕ್ಕೂ ಹೌದು ಅಂದರೆ ಧೈರ್ಯವಾಗಿ ಸೇರಿ.