ಗಾಳಿಗೆ ನಿಲ್ಲುವ ಸಸಿ

ಮಾರ್ಚ್ 22, 2026, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಹೊರಗೆ 6 ಡಿಗ್ರಿ. ರಾತ್ರಿಯಿಡೀ ಬೀಸಿದ ಗಾಳಿ ಇನ್ನೂ ನಿಂತಿಲ್ಲ. ಇಂಥ ಗಾಳಿಗೆ ಸಿಕ್ಕ ಎಲೆಕೋಸಿನ ಸಸಿಯನ್ನು ಹತ್ತಿರದಿಂದ ನೋಡಬೇಕು. ಗಾಳಿ ಬರುವ ಕಡೆಯ ಎಲೆಯಂಚು ಕಂಚಿನ ಬಣ್ಣಕ್ಕೆ ತಿರುಗಿ ಮುರುಟಿರುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅದು ನಿಂತಿರುವ ಗುಣಿಯ, ಎಂದರೆ ಸಸಿ ಟ್ರೇಯ ಗುಳಿಯ, ಮಣ್ಣನ್ನು ಒತ್ತಿದರೆ ನೀರು ಜಿನುಗುತ್ತದೆ. ನೀರಲ್ಲೇ ನಿಂತು ಒಣಗಿದ ಸಸಿ ಅದು.

ಬರೀ ಚಳಿಯನ್ನು ಎಲೆಕೋಸು, ಈರುಳ್ಳಿ, ಲೆಟ್ಯೂಸ್ ಸಸಿಗಳು ಚೆನ್ನಾಗಿಯೇ ತಡೆದುಕೊಳ್ಳುತ್ತವೆ. ಗಾಳಿ ಸೇರಿತೆಂದರೆ ಲೆಕ್ಕ ಬೇರೆ. ಎಲೆಯ ಮೈಗೆ ಅಂಟಿಕೊಂಡಿರುವ ತೇವದ ತೆಳು ಪದರವನ್ನು ಬೀಸುಗಾಳಿ ಹೊತ್ತೊಯ್ಯುತ್ತದೆ, ಎಲೆ ಮತ್ತಷ್ಟು ನೀರು ಬಿಡುತ್ತದೆ. ಕೆಳಗೆ ಬೇರು ತಣ್ಣಗಿದ್ದರೆ ಅಷ್ಟು ನೀರನ್ನು ಎಳೆದುಕೊಡಲು ಅದಕ್ಕೆ ಆಗುವುದಿಲ್ಲ. ಬಾಡಿದೆ ಎಂದು ಮತ್ತೆ ನೀರು ಹಾಕಿದರೆ ಬೇರು ಇನ್ನಷ್ಟು ತಣ್ಣಗಾಗುತ್ತದೆ, ಉಸಿರೂ ಕಟ್ಟುತ್ತದೆ. ಆದ್ದರಿಂದ ಗಾಳಿಯ ಜಾಗದಲ್ಲಿ ಸಸಿ ಬೆಳೆಸುವಾಗ ಪ್ರತಿ ಹಂತದಲ್ಲೂ ನೋಡಬೇಕಾದ್ದು ಮೂರು: ಬೇರು ಬೆಚ್ಚಗಿರಬೇಕು, ತುದಿ ತಂಪಾಗಿರಬೇಕು, ಕಾಂಡ ಗಿಡ್ಡ ಮತ್ತು ದಪ್ಪ ಇರಬೇಕು.

ಇಂದಿನ ಬಿತ್ತನೆ ದೊಣ್ಣೆ ಮೆಣಸು ಮತ್ತು ಬದನೆ, ಎರಡೇ. ಟೊಮೆಟೊ ಬೀಜ ಇನ್ನೂ ಡಬ್ಬಿಯಲ್ಲೇ ಇರಲಿ. ಕೊನೆಯ ಹಿಮ (ಎಳೆ ಸಸಿಯನ್ನು ಸುಡುವ ಹೆಪ್ಪುಗಟ್ಟಿಸುವ ಚಳಿ) ಮೇ ಮಧ್ಯದ ಹೊತ್ತಿಗೆ ಎಂದಿಟ್ಟುಕೊಂಡರೆ ಟೊಮೆಟೊ ನಾಟಿಗೆ ಮೇ ಕೊನೆಯ ವಾರ ಬರಬೇಕು. ವಾರಗಳನ್ನು ಹಿಂದಕ್ಕೆ ಎಣಿಸಬೇಕಾದ್ದು ನಾಟಿಯ ದಿನದಿಂದ, ಹಿಮದ ದಿನದಿಂದ ಅಲ್ಲ. ಬಿತ್ತನೆಯಿಂದ ನಾಟಿಯವರೆಗೆ ಟೊಮೆಟೊಗೆ 6ರಿಂದ 8 ವಾರ ಎನ್ನುತ್ತಾರೆ. ಗಾಳಿಯ ಜಾಗದಲ್ಲಿ 6ನ್ನೇ ಹಿಡಿಯುವುದು ವಾಸಿ. ಎಂಟು ವಾರದ ಎತ್ತರದ ಸಸಿ ಹಾಯಿಯ ಹಾಗೆ ಗಾಳಿಯನ್ನು ಹಿಡಿಯುತ್ತದೆ, ಬುಡ ಅಲುಗಾಡಿ ಹೊಸ ಬೇರು ಹರಿಯುತ್ತದೆ. ಬೇಗ ಬಿತ್ತಿದ್ದು ಬೇಗ ಕಾಯಿ ಬಿಡುತ್ತದೆ ಎಂಬ ಆಸೆ ಇಲ್ಲಿ ಕೈಗೂಡುವುದಿಲ್ಲ. ದೊಣ್ಣೆ ಮೆಣಸಿಗೆ 8ರಿಂದ 10 ವಾರ, ಈರುಳ್ಳಿಗೆ 10ರಿಂದ 12, ಎಲೆಕೋಸು ಹೂಕೋಸಿಗೆ 5ರಿಂದ 6, ಸೌತೆ ಕುಂಬಳಕ್ಕೆ ಮೂರೇ ವಾರ ಸಾಕು.

ಟ್ರೇಗೆ ತುಂಬುವ ಮಿಶ್ರಣ ಹೀಗೆ: ಅಳತೆಯ ಲೆಕ್ಕದಲ್ಲಿ ಎರಡು ಪಾಲು ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಹಳೆಯ ಕಾಂಪೋಸ್ಟ್, ಒಂದು ಪಾಲು ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಬಿಳಿ ಕಲ್ಲಿನ ಹರಳು). ಬಿಸಿ ನಾಡಿನಲ್ಲಿ ಪರ್ಲೈಟ್ ಕಡಿಮೆ ಮಾಡಬಹುದು. ಇಲ್ಲಿ ಮಿಶ್ರಣ ನಿಧಾನಕ್ಕೆ ಆರುವುದರಿಂದ ಬೇರಿಗೆ ಗಾಳಿ ಸಿಗಲು ಅದು ಬೇಕೇ ಬೇಕು. ಮುಷ್ಟಿಯಲ್ಲಿ ಹಿಂಡಿದರೆ ಎರಡು ಮೂರು ಹನಿ ಉದುರುವಷ್ಟು ಒದ್ದೆ ಮಾಡಿ, ಟ್ರೇ ತುಂಬಿ, ನೆಲಕ್ಕೆ ಒಮ್ಮೆ ತಟ್ಟಿದರೆ ಆಯಿತು. ಬೆರಳಿನಿಂದ ಅದುಮಬಾರದು. ಮೆಣಸು ಮತ್ತು ಬದನೆಯ ಬೀಜ 6ರಿಂದ 8 ಮಿಲಿಮೀಟರ್ ಆಳ, ಮೇಲೆ ತೆಳ್ಳಗೆ ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ, ಅಭ್ರಕದಂಥ ಹಗುರ ಖನಿಜ). ಚಿಕ್ಕ ಗುಣಿಯ ಟ್ರೇಗಿಂತ 50 ಗುಣಿಯದ್ದು ಒಳ್ಳೆಯದು. ಬೇರಿನ ಉಂಡೆ ದೊಡ್ಡದಾದಷ್ಟೂ ನಾಟಿಯಾದ ಮೊದಲ ವಾರ ಸಸಿ ಗಾಳಿಗೆ ತಡೆದುಕೊಳ್ಳುತ್ತದೆ.

ಮೊಳಕೆಗೆ ಬೇಕಾದ್ದು ಕೋಣೆಯ ಬಿಸಿಯಲ್ಲ, ಮಣ್ಣಿನ ಬಿಸಿ. ದೊಣ್ಣೆ ಮೆಣಸು 25 ಡಿಗ್ರಿಯ ಮಣ್ಣಿನಲ್ಲಿ 8 ದಿನಕ್ಕೆ ಮೊಳೆತರೆ 15 ಡಿಗ್ರಿಯಲ್ಲಿ 25 ದಿನ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಒಂದಷ್ಟು ಬೀಜ ಕೊಳೆತಿರುತ್ತದೆ. ಟೊಮೆಟೊ 25ರಲ್ಲಿ 6 ದಿನ, 15ರಲ್ಲಿ 14 ದಿನ, 10 ಡಿಗ್ರಿಯಲ್ಲಿ 43 ದಿನ. ಕೋಣೆಯ ಥರ್ಮಾಮೀಟರ್ 20 ತೋರಿಸಿತೆಂದು ನಂಬಿ ಕೂರಬಾರದು. ಒದ್ದೆ ಮಿಶ್ರಣದಿಂದ ನೀರು ಆವಿಯಾಗುತ್ತಿರುವುದರಿಂದ ಮಣ್ಣು ಕೋಣೆಗಿಂತ ಎರಡು ಮೂರು ಡಿಗ್ರಿ ತಣ್ಣಗೇ ಇರುತ್ತದೆ. ಟ್ರೇಯ ಅಡಿಗಿಡುವ ವಿದ್ಯುತ್ ಬಿಸಿ ಚಾಪೆಯನ್ನು ಥರ್ಮೋಸ್ಟಾಟ್‌ಗೆ ಜೋಡಿಸಿ, ಅದರ ಬಿಸಿ ಅಳೆಯುವ ಕಡ್ಡಿಯನ್ನು ನಡುಗುಣಿಯ ಮಣ್ಣಿನೊಳಗೆ ಚುಚ್ಚಿ, 26 ಡಿಗ್ರಿಗೆ ಇಟ್ಟಿದೆ. ಚಾಪೆಯ ಕೆಳಗೆ ಎರಡು ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ಹಲಗೆ. ಅದು ಇಲ್ಲದಿದ್ದರೆ ಬಿಸಿಯಲ್ಲಿ ಒಳ್ಳೆಯ ಪಾಲು ತಣ್ಣನೆಯ ಮೇಜಿಗೇ ಹೋಗುತ್ತದೆ. ಟ್ರೇಯ ಮೇಲೆ ಪಾರದರ್ಶಕ ಮುಚ್ಚಳ. ಲೆಟ್ಯೂಸ್ ಟ್ರೇಯನ್ನು ಮಾತ್ರ ಈ ಚಾಪೆಯ ಹತ್ತಿರವೂ ತರಬೇಡಿ, ಸೆಕೆ ಹೆಚ್ಚಾದರೆ ಅದರ ಬೀಜ ಮೊಳೆಯದೆ ಮಲಗಿಬಿಡುತ್ತದೆ.

ಅರ್ಧದಷ್ಟು ಮೊಳಕೆ ತಲೆ ಎತ್ತಿದ ದಿನವೇ ಮುಚ್ಚಳ ತೆಗೆದು ಚಾಪೆಯಿಂದ ಇಳಿಸಬೇಕು. ಉಳಿದದ್ದೂ ಬರಲಿ ಎಂದು ಎರಡು ದಿನ ಕಾದರೆ ಮೊದಲು ಬಂದವು ಸಣಕಲಾಗಿ ಉದ್ದ ಬೆಳೆದಿರುತ್ತವೆ, ಮತ್ತೆ ಗಿಡ್ಡ ಮಾಡಲು ದಾರಿಯಿಲ್ಲ. ಬೆಳಕು ಕಡಿಮೆ ಇದ್ದು ಬಿಸಿ ಹೆಚ್ಚಿದ್ದರೆ ಕಾಂಡ ಓಡುತ್ತದೆ. ಕಿಟಕಿಯ ಬೆಳಕು ಈ ತಿಂಗಳಲ್ಲಿ ಸಾಲದು. ದಿನಕ್ಕೆ 14ರಿಂದ 16 ಗಂಟೆ ದೀಪ ಬೇಕು. ಟ್ಯೂಬ್‌ಲೈಟ್ ಆದರೆ ಎಲೆಯ ತುದಿಯಿಂದ 5ರಿಂದ 10 ಸೆಂಟಿಮೀಟರ್ ಮೇಲೆ, ಎಲ್‌ಇಡಿ ಆದರೆ 20ರಿಂದ 30. ಎಲೆ ಮೇಲಕ್ಕೆ ಮಡಚಿಕೊಂಡರೆ ಅಥವಾ ಬಿಳಿಚಿದರೆ ಎಲ್‌ಇಡಿ ತೀರಾ ಹತ್ತಿರವಿದೆ ಎಂದರ್ಥ. ಟೊಮೆಟೊಗೆ ಹಗಲು 18ರಿಂದ 20, ರಾತ್ರಿ 15ರಿಂದ 16 ಡಿಗ್ರಿ ಸಾಕು. ಮೆಣಸಿಗೆ ಎರಡು ಡಿಗ್ರಿ ಹೆಚ್ಚು, ಕೋಸಿನ ಜಾತಿಗೆ ನಾಲ್ಕು ಡಿಗ್ರಿ ಕಡಿಮೆ.

ಕಾಂಡ ಗಿಡ್ಡ ಮಾಡುವ ಇನ್ನೊಂದು ಉಪಾಯ ಬೆಳಗಿನ ಜಾವದ್ದು. ಬೆಳಕಾಗುವ ಹೊತ್ತಿಗೆ ಶುರುಮಾಡಿ ಎರಡು ಮೂರು ಗಂಟೆ ಕೋಣೆಯ ಬಿಸಿಯನ್ನು ನಾಲ್ಕೈದು ಡಿಗ್ರಿ ಇಳಿಸಿದರೆ ಗಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ. ಕಾಂಡ ಹೆಚ್ಚು ಉದ್ದವಾಗುವುದು ಆ ಹೊತ್ತಿನಲ್ಲೇ. ಹೀಟರಿನ ಟೈಮರನ್ನು ತಡವಾಗಿ ಹೊತ್ತಿಕೊಳ್ಳುವಂತೆ ಇಟ್ಟರೆ ಮುಗಿಯಿತು, ಖರ್ಚೇನೂ ಇಲ್ಲ.

ಟೊಮೆಟೊ, ಬದನೆ, ಸೌತೆ ಸಸಿಗಳಿಗೆ ಸವರುವ ಕೆಲಸವೂ ಉಂಟು. ಸಸಿ 6 ಸೆಂಟಿಮೀಟರ್ ದಾಟಿದ ಮೇಲೆ ಒಂದು ರಟ್ಟಿನ ಅಂಚಿನಿಂದ ಅಥವಾ ಅಂಗೈಯಿಂದ ತುದಿಗಳನ್ನು ಮೆಲ್ಲಗೆ ಬಾಗಿಸುತ್ತ ಒಂದು ನಿಮಿಷ ಹಿಂದೆ ಮುಂದೆ ಸವರಬೇಕು, ದಿನಕ್ಕೆ ಎರಡು ಸಲ. ಬಾಗಿ ಬಾಗಿ ಏಳುವ ಕಾಂಡ ಉದ್ದಕ್ಕೆ ಹೋಗುವುದನ್ನು ಬಿಟ್ಟು ದಪ್ಪವಾಗುತ್ತದೆ. ಎಲೆ ಒದ್ದೆ ಇದ್ದಾಗ ಮಾಡಿದರೆ ರೋಗ ಒಂದರಿಂದ ಒಂದಕ್ಕೆ ಹಬ್ಬುತ್ತದೆ. ದೊಣ್ಣೆ ಮೆಣಸಿನ ಎಲೆ ಮೆತ್ತಗೆ, ಸುಲಭವಾಗಿ ಗಾಯವಾಗುತ್ತದೆ. ಅದಕ್ಕೆ ನಿಧಾನಕ್ಕೆ ತಿರುಗುವ ಚಿಕ್ಕ ಫ್ಯಾನ್ ಸಾಕು. ಎಲೆಗಳು ತುಸು ನಡುಗಬೇಕು, ಮಲಗಬಾರದು.

ನೀರು ಬೆಳಿಗ್ಗೆ ಮಾತ್ರ, ಅದೂ ಕೋಣೆಯೊಳಗೆ ಇಟ್ಟು 18-20 ಡಿಗ್ರಿಗೆ ಬಂದ ನೀರು. ನಲ್ಲಿಯಿಂದ ನೇರ ಬಂದ 5 ಡಿಗ್ರಿಯ ನೀರು ಚಾಪೆ ಗಂಟೆಗಟ್ಟಲೆ ಕೊಟ್ಟ ಬಿಸಿಯನ್ನು ಒಂದು ನಿಮಿಷದಲ್ಲಿ ಕಸಿಯುತ್ತದೆ. ಟ್ರೇಯನ್ನು ಎತ್ತಿ ತೂಕ ನೋಡಿ ನೀರು ಹಾಕುವುದು ಎಲ್ಲಕ್ಕಿಂತ ನಂಬಿಕೆಯ ಅಳತೆ. ಮೇಲ್ಮೈಯಲ್ಲಿ ಹಸಿರು ಪಾಚಿ ಕಂಡರೆ ನೀರು ಹೆಚ್ಚಾಗಿದೆ. ಬುಡ ನೂಲಿನಷ್ಟು ಸಣ್ಣಗಾಗಿ ಸಸಿ ಮಗುಚಿದರೆ ಅದು ಬುಡಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯ ಮೊದಲಾದ ಮಣ್ಣಿನ ರೋಗಾಣುಗಳು ತಣ್ಣನೆಯ ಒದ್ದೆ ಮಣ್ಣು ಮತ್ತು ನಿಂತ ಗಾಳಿಯನ್ನೇ ಕಾಯುತ್ತಿರುತ್ತವೆ. ಮಗುಚಿದ್ದು ಮತ್ತೆ ಏಳುವುದಿಲ್ಲ. ಅದನ್ನೂ ಸುತ್ತಲಿನ ಗುಣಿಗಳನ್ನೂ ಮಣ್ಣು ಸಮೇತ ತೆಗೆದು ಹೊರಹಾಕಿ, ಟ್ರೇಯ ಮೇಲೆ ಗಾಳಿ ಆಡುವಂತೆ ಮಾಡಿ, ಮೇಲ್ಮೈ ಆರುವವರೆಗೆ ನೀರು ನಿಲ್ಲಿಸಿದರೆ ಉಳಿದವನ್ನು ಕಾಪಾಡಬಹುದು.

ಇನ್ನು ಎಲೆಯ ಅಡಿ ನೇರಳೆ ಬಣ್ಣಕ್ಕೆ ತಿರುಗುವ ವಿಷಯ. ಇದನ್ನು ಕಂಡ ತಕ್ಷಣ ರಂಜಕ ಕಡಿಮೆಯಾಗಿದೆ ಎಂದು ಗೊಬ್ಬರ ಸುರಿಯುವವರು ಬಹಳ. ಮಣ್ಣಿನಲ್ಲಿ ರಂಜಕ ಇದ್ದರೂ ತಣ್ಣನೆಯ ಬೇರು ಅದನ್ನು ಹೀರಲಾರದು. ಮಣ್ಣನ್ನು 18 ಡಿಗ್ರಿಗೆ ತಂದರೆ ಹೊಸ ಎಲೆಗಳು ಹಸಿರಾಗಿಯೇ ಬರುತ್ತವೆ. ಗೊಬ್ಬರ ಹಾಕುವುದಾದರೆ ಬೀಜದೆಲೆಗಳ ನಂತರ ಬರುವ ಮೊದಲ ನಿಜವಾದ ಎಲೆ ಬಿಚ್ಚಿಕೊಂಡ ಮೇಲೆ, ಲೀಟರಿಗೆ ಅರ್ಧ ಗ್ರಾಂ ನೀರಲ್ಲಿ ಕರಗುವ ಗೊಬ್ಬರ, ವಾರಕ್ಕೊಮ್ಮೆ. ಸಾರಜನಕ ನೈಟ್ರೇಟ್ ರೂಪದಲ್ಲಿ ಇರುವಂಥದ್ದನ್ನು ಆರಿಸಿ. ಯೂರಿಯಾ, ಅಮೋನಿಯಂ ಹೆಚ್ಚಿರುವ ಗೊಬ್ಬರ ತಣ್ಣನೆಯ ಮಣ್ಣಿಗೆ ಬೇಡ. ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಚಳಿಯಲ್ಲಿ ಮಂದವಾಗುವುದರಿಂದ ಅದು ಹಾಗೇ ಸೇರಿಕೊಂಡು ಬೇರಿನ ತುದಿಯನ್ನು ಸುಡುತ್ತದೆ.

ಎಲೆಕೋಸಿನ ಟ್ರೇಗಳಿಗೆ ಈ ವಾರದಿಂದ ಹೊರಗಿನ ಅಭ್ಯಾಸ. ಸಸಿ ಗಟ್ಟಿಮಾಡಲು 7ರಿಂದ 10 ದಿನ ಎನ್ನುವುದು ಗಾಳಿ ಇಲ್ಲದ ಜಾಗದ ಲೆಕ್ಕ, ಇಲ್ಲಿ ಎರಡು ವಾರ ಕೊಡಬೇಕು. ಒಂದೊಂದು ಕಷ್ಟವನ್ನು ಬೇರೆಬೇರೆಯಾಗಿ ಪರಿಚಯಿಸುವುದೇ ಇದರ ಗುಟ್ಟು. ಮೊದಲ ನಾಲ್ಕು ದಿನ ಬರೀ ತಂಪು: ನೆರಳಲ್ಲಿ, ಗಾಳಿಯ ಮರೆಯಲ್ಲಿ ಎರಡು ಗಂಟೆಯಿಂದ ಶುರು. ಆಮೇಲೆ ಬಿಸಿಲು, ಬೆಳಗಿನದ್ದು ಮೊದಲು. ಗಾಳಿ ಕಟ್ಟಕಡೆಗೆ, ಅದೂ ದಿನಕ್ಕೆ ಅರ್ಧ ಗಂಟೆಯಿಂದ. ಹೊರಗಿಡುವ ಮುನ್ನ ಮಣ್ಣು ಹದವಾಗಿ ಒದ್ದೆ ಇರಲಿ. ಗಟ್ಟಿ ಮಾಡುತ್ತೇವೆಂದು ಸಸಿಯನ್ನು ಒಣಗಿಸಿ ಗಾಳಿಗೆ ಒಡ್ಡಿದರೆ ಮಧ್ಯಾಹ್ನದೊಳಗೆ ಸುಟ್ಟುಹೋಗುತ್ತದೆ. ಟ್ರೇಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲಿಟ್ಟರೆ ಬೇರಿಗೆ ಚಳಿ ತಗಲುವುದು ಕಡಿಮೆ.

ಎಲೆಕೋಸು, ಈರುಳ್ಳಿಯಲ್ಲಿ ಇನ್ನೊಂದು ಅಪಾಯವಿದೆ. ಕಾಂಡ ಪೆನ್ಸಿಲ್ ದಪ್ಪ ಬಂದ ಮೇಲೆ ವಾರಗಟ್ಟಲೆ 10 ಡಿಗ್ರಿಗಿಂತ ಕೆಳಗೆ ಇಟ್ಟರೆ ಚಳಿಗಾಲ ಕಳೆಯಿತೆಂದು ತಿಳಿದು ಹೂದಂಟು ಬಿಡುತ್ತವೆ, ಗೆಡ್ಡೆಯೂ ಇಲ್ಲ, ಕೋಸೂ ಇಲ್ಲ. ತೆಳ್ಳಗಿನ ಎಳೆ ಸಸಿಗೆ ಆ ಭಯವಿಲ್ಲ. ಬೇಗ ಬಿತ್ತಬೇಡಿ ಎನ್ನಲು ಇದೂ ಒಂದು ಕಾರಣ.

ಗಾಳಿಗೆ ತಡೆ ಕಟ್ಟುವವರು ಹೆಚ್ಚಾಗಿ ತಗಡು ಅಥವಾ ಹಲಗೆ ನಿಲ್ಲಿಸುತ್ತಾರೆ. ಗಟ್ಟಿ ಗೋಡೆಯನ್ನು ಹತ್ತಿ ಇಳಿಯುವ ಗಾಳಿ ಅದರ ಹಿಂದೆಯೇ ಸುಳಿಯಾಗಿ ಬೀಳುತ್ತದೆ, ಸಸಿ ಎಲ್ಲ ದಿಕ್ಕಿಗೂ ಓಲಾಡುತ್ತದೆ. ಅರ್ಧದಷ್ಟು ಗಾಳಿ ಒಳಗೆ ನುಸುಳಲು ಬಿಡುವ ಬಲೆಯೇ ಮೇಲು: ಶೇಕಡಾ 50ರ ಶೇಡ್ ನೆಟ್ಟನ್ನು ಒಂದೂವರೆ ಮೀಟರಿಗೊಂದರಂತೆ ಗೂಟ ನೆಟ್ಟು ಬಿಗಿಯಬೇಕು. ಒಂದು ಮೀಟರ್ ಎತ್ತರದ ಬಲೆ ಐದಾರು ಮೀಟರ್‌ವರೆಗೆ ಚೆನ್ನಾಗಿ ಕಾಯುತ್ತದೆ, ಹತ್ತು ಮೀಟರ್‌ವರೆಗೆ ಸ್ವಲ್ಪ. ಬಲೆಯ ಕೆಳಗೆ ಸಂದು ಬಿಡಬಾರದು. ಆ ಸಂದಿನಲ್ಲಿ ನುಗ್ಗುವ ಗಾಳಿಗೆ ವೇಗ ಹೆಚ್ಚು, ಸಸಿಗಳು ಇರುವುದೂ ಅಲ್ಲೇ.

ತೆಳು ಬಟ್ಟೆಯ ಹೊದಿಕೆಯನ್ನು ನೇರವಾಗಿ ಸಸಿಯ ಮೇಲೆ ಹಾಸಿದರೆ ಗಾಳಿಗೆ ಅದು ಪಟಪಟ ಬಡಿದು ಎಲೆಯನ್ನು ಉಜ್ಜುತ್ತದೆ. ಕಮಾನು ಕಂಬಿಗಳ ಮೇಲೆ ಎಳೆದು, ಅಂಚನ್ನು ಒಂದು ಗೇಣು ಮಣ್ಣಿನೊಳಗೆ ಹೂಳಬೇಕು. ಚದರ ಮೀಟರಿಗೆ 17 ಗ್ರಾಂ ತೂಕದ ಬಟ್ಟೆ ಎರಡು ಡಿಗ್ರಿಯಷ್ಟು ಕಾಪಾಡುತ್ತದೆ, 30 ಗ್ರಾಂನದ್ದು ಇನ್ನೂ ಒಂದೆರಡು ಡಿಗ್ರಿ ಹೆಚ್ಚು. ಈ ಲೆಕ್ಕ ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿಗೆ ಮಾತ್ರ. ಆಗ ನೆಲ ತನ್ನ ಬಿಸಿಯನ್ನು ಮೇಲಕ್ಕೆ ಬಿಡುತ್ತದೆ, ಹೊದಿಕೆ ಅದನ್ನು ಹಿಡಿಯುತ್ತದೆ. ಶೂನ್ಯಕ್ಕಿಂತ ಕೆಳಗಿನ ಗಾಳಿಯೇ ಬೀಸಿ ಬಂದರೆ ಬಟ್ಟೆಯೊಳಗಿನ ಬಿಸಿ ಉಳಿಯುವುದಿಲ್ಲ. ಅಂಥ ರಾತ್ರಿ ಟ್ರೇಗಳನ್ನು ಒಳಗೆ ತರುವುದೊಂದೇ ದಾರಿ. ಗಾಜಿನ ಮುಚ್ಚಳದ ಪೆಟ್ಟಿಗೆ ಇದ್ದರೆ ಮುಚ್ಚಳವನ್ನು ಹಗ್ಗ ಹಾಕಿ ಕಟ್ಟಿ. ಗಾಳಿಗೆದುರು ತೆರೆಯದೆ ಗಾಳಿಯ ಬೆನ್ನಿನ ಕಡೆ ಕೈಯಗಲ ತೆರೆದಿಡಿ. ಹೊರಗೆ 8 ಡಿಗ್ರಿ ಇದ್ದರೂ ಬಿಸಿಲು ಬಿದ್ದರೆ ಮುಚ್ಚಿದ ಪೆಟ್ಟಿಗೆಯೊಳಗೆ ಬಲುಬೇಗ 30 ದಾಟುತ್ತದೆ.

ನಾಟಿಗೆ ಪಂಚಾಂಗಕ್ಕಿಂತ ಮಣ್ಣಿನ ಥರ್ಮಾಮೀಟರ್ ನೋಡುವುದು ಸರಿ. ಬೆಳಿಗ್ಗೆ ಎಂಟಕ್ಕೆ 10 ಸೆಂಟಿಮೀಟರ್ ಆಳದಲ್ಲಿ ಎಲೆಕೋಸಿಗೆ 8, ಟೊಮೆಟೊಗೆ 15, ಮೆಣಸು ಸೌತೆಗೆ 18 ಡಿಗ್ರಿ ಇರಬೇಕು. ಎರಡು ವಾರ ಮುಂಚೆ ಮಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಸಿದರೆ ಮಣ್ಣು ಬೇಗ ಕಾಯುತ್ತದೆ. ಕಪ್ಪು ಹಾಳೆಗಿಂತ ಇದು ಹೆಚ್ಚು ಬಿಸಿ ಕೊಡುತ್ತದೆ, ಆದರೆ ಕಳೆಯನ್ನೂ ಎಬ್ಬಿಸುತ್ತದೆ. ಟೊಮೆಟೊ ಸಸಿಯನ್ನು ಆಳಕ್ಕೆ ನೆಡಬೇಡಿ. ಕೆಳಗಿನ ಎಲೆ ಚಿವುಟಿ, ಕಾಂಡವನ್ನು 7-8 ಸೆಂಟಿಮೀಟರ್ ಆಳದ ಕಾಲುವೆಯಲ್ಲಿ ಅಡ್ಡ ಮಲಗಿಸಿ, ತುದಿಯ ಒಂದು ಗೇಣಷ್ಟೇ ಮೇಲೆ ಬಿಡಿ. ಬಿಸಿ ಇರುವುದು ಮೇಲ್ಮಣ್ಣಿನಲ್ಲಿ. ಮಲಗಿದ ಕಾಂಡ ಉದ್ದಕ್ಕೂ ಅಲ್ಲೇ ಬೇರು ಬಿಡುತ್ತದೆ, ಗಾಳಿಗೆ ಸಿಗುವ ಎತ್ತರವೂ ಇಳಿಯುತ್ತದೆ. ಎಲೆಕೋಸನ್ನು ಬೀಜದೆಲೆಯವರೆಗೆ ಹೂತು ಹಿಮ್ಮಡಿಯಿಂದ ಬುಡ ಒತ್ತಬೇಕು. ಒಂದು ಎಲೆ ಹಿಡಿದು ಎಳೆದರೆ ಎಲೆ ಹರಿಯಬೇಕು, ಸಸಿ ಕದಲಬಾರದು.

ನೆಟ್ಟ ಮೂರನೆಯ ದಿನ ಬುಡಗಳನ್ನು ಒಂದೊಂದಾಗಿ ನೋಡಿಕೊಂಡು ಬರಬೇಕು. ಗಾಳಿಗೆ ಓಲಾಡಿದ ಸಸಿಯ ಸುತ್ತ ಬೆರಳು ತೂರುವಷ್ಟು ಗುಂಡಿ ಬಿದ್ದಿರುತ್ತದೆ, ಮಳೆ ಬಂದರೆ ಅದರಲ್ಲಿ ತಣ್ಣೀರು ನಿಂತು ಬುಡ ಕೊಳೆಯುತ್ತದೆ. ಒಣ ಪುಡಿಮಣ್ಣು ತುಂಬಿ ಮತ್ತೆ ಒತ್ತಿ, ಗಾಳಿ ಬರುವ ಕಡೆ ಒಂದು ಗಿಡ್ಡ ಕಡ್ಡಿ ಊರಿ, ದಾರವನ್ನು ಕಡ್ಡಿಗೂ ಕಾಂಡಕ್ಕೂ ನಡುವೆ ಒಮ್ಮೆ ಅಡ್ಡ ತಿರುವಿ ಸಡಿಲವಾಗಿ ಕಟ್ಟಬೇಕು.